ಅಂದದ ಬೈಕೋ, ಅಪ್ಪನ ಹಿಂಡಿ ಮೂಟೆಯೋ?

ಬಿ.ಕಾಂ. ಮುಗಿಸಿದ ವರ್ಷವೇ ಚಿತ್ರದುರ್ಗದಲ್ಲಿ ಲೆಕ್ಕಪತ್ರ ಬರೆಯುವ ಕೆಲಸ ಸಿಕ್ಕಿತು. ನಮ್ಮೂರು ಹೊಳಲ್ಕೆರೆ ರಸ್ತೆಯಿಂದ ಒಳಗೆ. ಹೋಗಲು ಹದಿನೈದು ಕಿ.ಮೀ., ಬರಲು ಹದಿನೈದು. ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿಗೆ ದುಡ್ಡಿಲ್ಲ, ನಿಜ. ಆದರೆ ಸಂಜೆ ಏಳಕ್ಕೆ ಕಚೇರಿ ಬಿಡುವಷ್ಟರಲ್ಲಿ ಊರಿನ ಕೊನೇ ಬಸ್ಸು ಹೋಗಿರುತ್ತದೆ. ಕ್ರಾಸ್‌ನಲ್ಲಿ ಇಳಿದರೆ ಮೂರು ಕಿ.ಮೀ. ಕತ್ತಲಲ್ಲಿ ನಡಿಗೆ. ‘ಗಾಡಿ ತಗೋ, ಇಲ್ಲಾಂದ್ರೆ ಕೆಲ್ಸ ಬಿಡು’ ಎಂದರು ಅಪ್ಪ.

ನನ್ನ ಮನಸ್ಸು ಹೋಗಿದ್ದು ಪುಟಾಣಿ ಎಲೆಕ್ಟ್ರಿಕ್ ಬೈಕ್‌ಗಳ ಮೇಲೆ. 2023ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಹೋಂಡಾ ಮೋಟೊಕಾಂಪ್ಯಾಕ್ಟೊ ಮಡಚಿದರೆ ಸೂಟ್‌ಕೇಸ್‌ನಂತೆ ಕಾಣುತ್ತದೆ. ತೂಕ ಸುಮಾರು 19 ಕೆ.ಜಿ. ಕಾರಿನ ಡಿಕ್ಕಿಯಲ್ಲಿ ಇಡಲೆಂದೇ 1981ರಲ್ಲಿ ಅದೇ ಕಂಪನಿ ಮಾಡಿದ್ದ ಮೋಟೊಕಾಂಪೊದ ಮೊಮ್ಮಗಳು ಇದು. ಆದರೆ ಒಂದು ಚಾರ್ಜ್‌ಗೆ ಓಡುವುದು 19 ಕಿ.ಮೀ. ಮಾತ್ರ. ಹೋಗಬಹುದು, ವಾಪಸ್ ಬರೋದು ಹೇಗೆ?

ನಮ್ಮ ದೇಶದ್ದೇ ಆದ ಇಮೊಟೊರಾಡ್‌ನ ಡೂಡಲ್ ಕೂಡ ಮಡಚುವ ಬೈಕ್. ದಪ್ಪ ಟೈರು, ಕಣ್ಣಿಗೆ ಚೆಂದ. ಮೋಟಾರು 250 ವ್ಯಾಟ್, ವೇಗ ಗಂಟೆಗೆ 25 ಕಿ.ಮೀ. ನಿಯಮದ ಪ್ರಕಾರ ಈ ಮಿತಿಯೊಳಗಿನ ಗಾಡಿಗೆ ಲೈಸೆನ್ಸ್, ನೋಂದಣಿ ಬೇಡ. ಹಿರಿಯೂರಿನಲ್ಲಿ ಓದುವ ಗೆಳತಿ ಇಂಥದ್ದೇ ಒಂದನ್ನು ಕೊಂಡಿದ್ದಾಳೆ. ರೂಮಿನಿಂದ ಕಾಲೇಜಿಗೆ ಎರಡು ಕಿ.ಮೀ.; ಅವಳಿಗೆ ಅದು ಹೇಳಿ ಮಾಡಿಸಿದ ಹಾಗಿದೆ.

ನಾನೂ ಅದನ್ನು ಓಡಿಸಿ ನೋಡಿದೆ. ದುರ್ಗದ ಗಾಳಿ ನಿಮಗೆ ಗೊತ್ತೇ ಇದೆ; ಇಲ್ಲಿನ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ಮನೆ ಅಲ್ಲ. ಎದುರು ಗಾಳಿಗೆ, ಏರಿಗೆ ಬೈಕ್ ಮುಕ್ಕರಿಯಿತು. ಪಕ್ಕದಲ್ಲೇ ಲಾರಿ ಭರ್ರನೆ ಹೋದಾಗ 25ರ ವೇಗ ಎಷ್ಟು ಕಡಿಮೆ ಅಂತ ಅರ್ಥವಾಯಿತು. ಒಂದು ಅಂಗಡಿಯಲ್ಲಿ, ‘ಲೈಸೆನ್ಸ್ ಬೇಡ ಮೇಡಂ, ಆದ್ರೂ 45 ಹೋಗುತ್ತೆ’ ಎಂದರು. ಮಿತಿ ದಾಟಿದ ಗಾಡಿ ಕಾನೂನಿನ ಕಣ್ಣಲ್ಲಿ ಮೋಟಾರು ವಾಹನ. ನೋಂದಣಿ, ವಿಮೆ ಇಲ್ಲದೆ ಅಪಘಾತವಾದರೆ ಗತಿ? ಕೈಮುಗಿದು ಬಂದೆ.

ಉಳಿದದ್ದು ಸ್ಕೂಟರ್. ಬೆಂಗಳೂರಿನ ಏಥರ್‌ನ ಎರಡು ಗಾಡಿ ನೋಡಿದೆ. 450 ಚೂಪು ಮೂತಿಯ ಚೆಲುವೆ. ಸೀಟಿನ ಕೆಳಗೆ 22 ಲೀಟರ್ ಜಾಗ. 2024ರಲ್ಲಿ ಬಂದ ರಿಜ್ಟಾ ಅಗಲ ಸೀಟಿನ ಗೃಹಿಣಿಯಂತೆ. ಸೀಟಿನ ಕೆಳಗೆ 34 ಲೀಟರ್, ಕಾಲಿಡುವಲ್ಲೂ ಸಮತಟ್ಟು ಜಾಗ. ಹೊಸದುರ್ಗದ ದೊಡ್ಡಪ್ಪನ ಮಗ ಹೇಳಿದ: ‘ಅಂದ ಮೂರು ದಿನ ಕಣಮ್ಮ. ಹೊಸದುರ್ಗ ರೋಡ್ ಸ್ಟೇಷನ್‌ಗೆ ಹೋಗಿ ಬಂದ್ರೆ ನಮ್ಮೂರಿನ ದೂರ ಗೊತ್ತಾಗುತ್ತೆ.’

ಅವ್ವನಿಗೆ ಕರೆಂಟ್ ಬಿಲ್ಲಿನ ಚಿಂತೆ. ಕೂತು ಲೆಕ್ಕ ಹಾಕಿದೆ. ದಿನಕ್ಕೆ 30 ಕಿ.ಮೀ.ಗೆ ಸುಮಾರು ಒಂದು ಯೂನಿಟ್. ತಿಂಗಳಿಗೆ 30 ಎಂದಿಟ್ಟುಕೊಳ್ಳಿ. ಗೃಹಜ್ಯೋತಿಯಲ್ಲಿ ಉಚಿತ ಸಿಗುವುದು 200 ಯೂನಿಟ್ ಪೂರ್ತಿ ಅಲ್ಲ, ಹಿಂದಿನ ಸರಾಸರಿ ಬಳಕೆಯ ಜೊತೆ ಒಂದಿಷ್ಟು ಹೆಚ್ಚುವರಿ ಮಾತ್ರ. ಅದನ್ನು ಮೀರಿದ್ದಕ್ಕೆ ದುಡ್ಡು ಕಟ್ಟಬೇಕು. ಕಟ್ಟಿದರೂ ಪೆಟ್ರೋಲಿಗಿಂತ ಎಷ್ಟೋ ವಾಸಿ.

ಕೊನೆಗೆ ಎಲ್ಎಲ್ಆರ್ ಮಾಡಿಸಿ, ಕಂತಿನ ಮೇಲೆ ಅಗಲ ಸೀಟಿನದನ್ನೇ ತಂದೆ. ಸಂಬಳದ ಕಾಲುಭಾಗ ಕಂತಿಗೇ ಹೋಗುತ್ತದೆ. ಗೆಳೆಯರೇ, ಕೊಳ್ಳುವ ಮುಂಚೆ ಬಣ್ಣ ನೋಡಬೇಡಿ ಅನ್ನಲ್ಲ. ಮೊದಲು ನಿಮ್ಮ ದಾರಿ ನೋಡಿ, ದಿನದ ದೂರಕ್ಕೆ ಇನ್ನರ್ಧ ಸೇರಿಸಿ ಲೆಕ್ಕ ಹಾಕಿ, ಚಾರ್ಜ್ ಮಾಡುವ ಪ್ಲಗ್ ಮನೆಯಲ್ಲಿ ಎಲ್ಲಿದೆ ನೋಡಿ.

ಮೊನ್ನೆ ಸಂಜೆ ದುರ್ಗದಿಂದ ಅಪ್ಪ ಹೇಳಿದ್ದ ಕಡಲೆಹಿಂಡಿ ಮೂಟೆಯನ್ನು ಕಾಲ ಬಳಿ ಇಟ್ಟುಕೊಂಡು ಬಂದೆ. ಕ್ರಾಸ್ ದಾಟುವಾಗ ಪೂರ್ತಿ ಕತ್ತಲಾಗಿತ್ತು. ಮನೆ ಮುಂದೆ ನಿಂತಿದ್ದ ಅಪ್ಪ ಮೂಟೆ ಇಳಿಸಿಕೊಂಡು, ‘ಗಾಡಿ ಚೆಂದ ಐತೆ’ ಅಂದರು.