ಓಣಿಯ ಕೊನೆ ಮನೆಗೆ ನೀರು ಯಾಕೆ ಮುಟ್ಟಲ್ಲ? ನಳ, ಟಿಸಿ, ಕೌಂಟರ್ ಮೇಲೆ ಒತ್ತಡ ಬಿದ್ದಾಗ ಆಗೋದೇನು

ಕಲಬುರಗಿ: ನೀರು ಬಿಡುವ ದಿನ ನಗರದ ಗಾಜಿಪುರ ಇರಲಿ, ಕಮಲಾಪುರದ ಓಣಿ ಇರಲಿ, ಬೆಳಿಗ್ಗೆ ಮೊದಲು ಕೇಳೋದು ಒಂದೇ ಮಾತು: "ನೀರ್ ಬಂದಾವೇನ್ರಿ ಅಕ್ಕಾ?" ಬಂದಾವ ಅಂತ ಗೊತ್ತಾದ ಐದು ನಿಮಿಷದಲ್ಲಿ ಸಾಲುಸಾಲಾಗಿ ಮೋಟರ್ ಶುರು ಆಗ್ತವೆ. ಓಣಿ ಬಾಯಲ್ಲಿರೋ ಮನೆಯ ಸಂಪ್ ತುಂಬಿ ಹರೀತದೆ. ಓಣಿಯ ಕೊನೆಯಲ್ಲಿರೋ ಮನೆಯ ನಳದಲ್ಲಿ ಬರೀ ಗಾಳಿ ಸದ್ದು. ಅದೇ ಹೊತ್ತಿಗೆ ಲೈಟ್ ಡಿಮ್ ಆಗ್ತದೆ, ಕಿರಾಣಿ ಅಂಗಡಿಯ ಫ್ರಿಜ್ ಗುರ್ ಅನ್ನೋಕೆ ಶುರು ಮಾಡ್ತದೆ.

"ನೀರೇ ಕಡಿಮೆ ಬಿಟ್ಟಾರ" ಅಂತ ಜನ ಬೈಯೋದು ಸಹಜ. ಕೆಲವು ಸಲ ಅದು ನಿಜವೂ ಇರಬಹುದು. ಆದರೆ ಸಾಕಷ್ಟು ನೀರು ಬಿಟ್ಟಾಗಲೂ ಕೊನೆ ಮನೆಗೆ ಮುಟ್ಟದಿರೋಕೆ ಇನ್ನೊಂದು ಕಾರಣ ಇದೆ. ಟಿಸಿ ಸುಡೋಕೆ, ಆಸ್ಪತ್ರೆ ಪಾಳಿ ಕರಗದಿರೋಕೆ, ಅರ್ಜಿ ಹಾಕುವಾಗ ಸರ್ವರ್ ಬಿಜಿ ಬರೋಕೆ ಕೂಡ ಹೆಚ್ಚುಕಡಿಮೆ ಅದೇ ಕಾರಣ. ಒತ್ತಡ ಒಂದು ಮಟ್ಟದವರೆಗೆ ಗೊತ್ತೇ ಆಗಲ್ಲ. ಆ ಮಟ್ಟ ದಾಟಿದ ಮೇಲೆ ಸ್ವಲ್ಪೇ ಸ್ವಲ್ಪ ಹೆಚ್ಚಾದರೂ ಇಡೀ ವ್ಯವಸ್ಥೆ ತಾಳ ತಪ್ತದೆ. ತಪ್ಪಿದಾಗ ಮೊದಲ ಪೆಟ್ಟು ಬೀಳೋದು ಸಾಲಿನ ಕೊನೆಯಲ್ಲಿ ಇರೋರ ಮೇಲೆ.

ಪೈಪಿನೊಳಗೆ ಏನಾಗ್ತದೆ?

ಕಲಬುರಗಿ ನಗರಕ್ಕೆ ನೀರು ಬರೋದು ಮುಖ್ಯವಾಗಿ ಭೀಮಾ ನದಿಯ ಸರಡಗಿ ಬ್ಯಾರೇಜ್ ಮತ್ತು ಬೆಣ್ಣೆತೊರಾ ಜಲಾಶಯದಿಂದ. ಶುದ್ಧೀಕರಿಸಿದ ನೀರನ್ನು ಎತ್ತರದ ಟ್ಯಾಂಕಿಗೆ ಏರಿಸಿ, ಅಲ್ಲಿಂದ ಓಣಿಗೆ ಬಿಡ್ತಾರೆ. ಟ್ಯಾಂಕ್ ಎತ್ತರದಲ್ಲಿ ಕಟ್ಟೋದೇ ಒತ್ತಡಕ್ಕಾಗಿ. 10 ಮೀಟರ್ ಎತ್ತರದ ನೀರು ತನ್ನ ಬುಡದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಒತ್ತಡ ಹಾಕ್ತದೆ. 20 ಮೀಟರ್ ಇದ್ದರೆ 2 ಕೆ.ಜಿ.

ನಳ ಎಲ್ಲಾ ಬಂದ್ ಇದ್ದಾಗ ಈ ಒತ್ತಡ ಓಣಿಯ ಕೊನೆವರೆಗೂ ಇರ್ತದೆ. ನೀರು ಹರಿಯೋಕೆ ಶುರುವಾದ ಕೂಡಲೇ ಪೈಪಿನ ಗೋಡೆಗೆ ತಿಕ್ಕಿ ಒತ್ತಡ ಖರ್ಚಾಗ್ತಾ ಹೋಗ್ತದೆ. ಗಮನಿಸಬೇಕಾದ ಲೆಕ್ಕ ಇಲ್ಲಿದೆ. ಅದೇ ಪೈಪಿನಲ್ಲಿ ಹರಿವು ಎರಡು ಪಟ್ಟಾದರೆ ಒತ್ತಡದ ನಷ್ಟ ಎರಡು ಪಟ್ಟಾಗಲ್ಲ, ಹೆಚ್ಚುಕಡಿಮೆ ನಾಲ್ಕು ಪಟ್ಟಾಗ್ತದೆ. ಎಲ್ಲರೂ ಒಂದೇ ಹೊತ್ತಿಗೆ ಎಳೆದರೆ ಅರ್ಧ ಓಣಿಯಲ್ಲೇ ಒತ್ತಡ ಮುಗಿದುಹೋಗ್ತದೆ.

ಹಂಗಾದರೆ ಟ್ಯಾಂಕಿನಿಂದ ಇನ್ನೂ ಜೋರಾಗಿ ಬಿಟ್ಟರೆ ಆಗಲ್ವಾ? ಹಳೇ ಪೈಪಿಗೆ ಅದು ಅಪಾಯ. ಒತ್ತಡ ಹೆಚ್ಚಾದಷ್ಟೂ ಸೋರಿಕೆ ಹೆಚ್ಚು. ಪೈಪಿನಲ್ಲಿ ಬಿರುಕಿದ್ದರೆ ಒತ್ತಡಕ್ಕೆ ಬಿರುಕೇ ಅಗಲ ಆಗ್ತದೆ. ಕೊನೆ ಮನೆಗೆ ಹೋಗಬೇಕಾದ ನೀರು ನೆಲದೊಳಗೆ ಇಂಗ್ತದೆ.

ಒತ್ತಡ ತೀರಾ ಇಳಿದಾಗ ಅದಕ್ಕಿಂತ ದೊಡ್ಡ ಗಂಡಾಂತರ. ನಳದ ಪೈಪಿಗೆ ನೇರವಾಗಿ ಮೋಟರ್ ಹಚ್ಚಿ ಎಳೆದರೆ ಪೈಪಿನೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕೆಳಗೆ ಇಳೀಬಹುದು. ಆಗ ನೀರು ಹೊರಗೆ ಸೋರುತ್ತಿದ್ದ ತೂತಿನಿಂದಲೇ ಚರಂಡಿ ನೀರು ಒಳಗೆ ಬರ್ತದೆ. ಮೋಟರ್ ಹಚ್ಚಿದವರ ಮನೆಗೇ ಆ ನೀರು ಮೊದಲು ಬರೋದು ಅನ್ನೋದನ್ನೂ ಮರೆಯಬಾರದು.

ಇದು ಬರೀ ಊಹೆ ಅಲ್ಲ. ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಆಯ್ದ ಬಡಾವಣೆಗಳಲ್ಲಿ ಪ್ರಾಯೋಗಿಕವಾಗಿ 24 ಗಂಟೆ ನೀರು ಕೊಡೋದು ಶುರುವಾಗಿತ್ತು. ಹುಬ್ಬಳ್ಳಿ-ಧಾರವಾಡದಲ್ಲಿ ಅಮೆರಿಕದ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ನಳದ ನೀರು ಪರೀಕ್ಷಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಕೆಲವು ದಿನಕ್ಕೊಮ್ಮೆ ಮಾತ್ರ ನೀರು ಬರೋ ಕಡೆಯ ಮಾದರಿಗಳಲ್ಲಿ ಮೂರರಲ್ಲಿ ಒಂದರಷ್ಟರಲ್ಲಿ ಮಲಮೂತ್ರದ ಸೋಂಕು ತೋರಿಸೋ ಬ್ಯಾಕ್ಟೀರಿಯಾ ಸಿಕ್ಕಿತ್ತು. ಸದಾ ಒತ್ತಡ ಇರೋ ಪೈಪಿನ ಕಡೆ ಅದು ನೂರಕ್ಕೆ ಒಂದಕ್ಕಿಂತ ಕಡಿಮೆ. ಪೈಪಿನಲ್ಲಿ ಒಂದೇ ಸಮ ಒತ್ತಡ ಇದ್ದರೆ ಹೊರಗಿನ ಕೊಳೆ ಒಳಗೆ ಬರೋಕೆ ದಾರಿ ಸಿಗೋದು ಕಷ್ಟ.

ಟಿಸಿ ಸುಡೋದು ಯಾಕೆ?

ಓಣಿಯ ಟ್ರಾನ್ಸ್‌ಫಾರ್ಮರ್ ಅಂದ್ರೆ ಟಿಸಿ ಕಥೆಯೂ ಇದೇ. ತಂತಿಯಲ್ಲಿ ಹರಿಯೋ ಕರೆಂಟ್ ಎರಡು ಪಟ್ಟಾದರೆ ಅದರಲ್ಲಿ ಹುಟ್ಟೋ ಬಿಸಿ ನಾಲ್ಕು ಪಟ್ಟಾಗ್ತದೆ. ಒಂದೂವರೆ ಪಟ್ಟಾದರೂ ಬಿಸಿ ಎರಡು ಪಟ್ಟು ದಾಟ್ತದೆ. ಟಿಸಿಯೊಳಗೆ ತಾಮ್ರ ಇಲ್ಲವೇ ಅಲ್ಯುಮಿನಿಯಂ ತಂತಿ ಸುತ್ತಿ, ಕಾಗದ ಹೊದಿಸಿ, ಎಣ್ಣೆಯಲ್ಲಿ ಮುಳುಗಿಸಿರ್ತಾರೆ. ಬಿಸಿಗೆ ಮೊದಲು ಹಾಳಾಗೋದು ಆ ಕಾಗದ. ಎಂಜಿನಿಯರುಗಳು ಬಳಸೋ ಲೆಕ್ಕದ ಪ್ರಕಾರ ನಿಗದಿತ ಮಟ್ಟಕ್ಕಿಂತ ಪ್ರತಿ 6 ಡಿಗ್ರಿ ಬಿಸಿ ಹೆಚ್ಚಾದಂತೆ ಆ ಕಾಗದದ ಆಯಸ್ಸು ಅರ್ಧಕ್ಕೆ ಇಳೀತದೆ.

ಕಲಬುರಗಿ ಬೇಸಿಗೆಯಲ್ಲಿ ಹೊರಗಿನ ಬಿಸಿಲೇ 40 ಡಿಗ್ರಿ ದಾಟ್ತದೆ. ಟಿಸಿ ತಣ್ಣಗಾಗೋಕೆ ಬೇಕಾದ ಗಾಳಿಯೇ ಬಿಸಿ. ಅದೇ ಹೊತ್ತಿಗೆ ಮನೆಮನೆಯಲ್ಲಿ ಕೂಲರ್, ಏಸಿ ಶುರು ಆಗಿರ್ತವೆ. ಒಂದು ಒಂದೂವರೆ ಟನ್ ಏಸಿ ಸುಮಾರು 1500 ವಾಟ್ ಎಳೀತದೆ. ಅಷ್ಟರಲ್ಲಿ ಏಳೆಂಟು ಕೂಲರ್ ನಡೀತವೆ. ಓಣಿಯಲ್ಲಿ ಹತ್ತು ಹೊಸ ಏಸಿ ಬಂದರೆ 15 ಕಿಲೋವಾಟ್ ಲೋಡ್ ಏರಿದಂಗೆ. ಟಿಸಿ ಮಾತ್ರ ಹಳೇದೇ.

ನೀರಿನ ಒತ್ತಡ, ಕರೆಂಟಿನ ಒತ್ತಡ ಒಂದಕ್ಕೊಂದು ಗಂಟು ಬೀಳೋದೂ ಉಂಟು. ನೀರು ಬಂದಾಗ ಎಲ್ಲಾ ಮೋಟರ್ ಒಟ್ಟಿಗೆ ಶುರುವಾಗ್ತವೆ. ಯಾವ ಮೋಟರ್ ಆದರೂ ಶುರುವಾಗೋ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೀತದೆ. ವೋಲ್ಟೇಜ್ ಇಳೀತದೆ. ಇಳಿದ ವೋಲ್ಟೇಜಿನಲ್ಲಿ ಮೋಟರ್ ಬಿಸಿಯಾಗಿ, ನೀರು ನಿಧಾನ ಏರಿಸ್ತದೆ. ಹೀಗಾಗಿ ಇನ್ನೂ ಹೆಚ್ಚು ಹೊತ್ತು ನಡೆಸಬೇಕಾಗ್ತದೆ. ಆ ದಿನ ಮೋಟರ್ ಕಾಯಿಲ್ ಸುಟ್ಟರೆ ರಿವೈಂಡಿಂಗ್ ಅಂಗಡಿಯವರಿಗೆ ಕೆಲಸ, ಮನೆಯವರಿಗೆ ಖರ್ಚು.

ಪಾಳಿ ಯಾಕೆ ಒಮ್ಮೆಲೇ ಬೆಳೀತದೆ?

ಪೈಪು, ತಂತಿ ಬಿಡಿ. ಮನುಷ್ಯರು ಕೂತು ಕೆಲಸ ಮಾಡೋ ಕೌಂಟರಿಗೂ ಇದೇ ನಿಯಮ. 1909ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಎರ್ಲಾಂಗ್ ಎಂಬ ಗಣಿತಜ್ಞ ಫೋನ್ ಲೈನ್ ಬಿಜಿ ಆಗೋದರ ಲೆಕ್ಕ ಹಾಕಿ ಪ್ರಕಟಿಸಿದ. ಪಾಳಿಯ ಲೆಕ್ಕಕ್ಕೆ ಅದೇ ಮೂಲ.

ಒಂದು ಕೌಂಟರಿನಲ್ಲಿ ಒಬ್ಬರ ಕೆಲಸಕ್ಕೆ ಸರಾಸರಿ 5 ನಿಮಿಷ ಬೇಕು ಅನ್ಕೊಳ್ಳಿ. ಅಂದ್ರೆ ಗಂಟೆಗೆ 12 ಜನ. ಜನ ಯಾವಾಗ ಬೇಕಾದರೂ ಬರ್ತಾರೆ, ಕೆಲವರ ಕೆಲಸ ಬೇಗ ಮುಗೀತದೆ, ಕೆಲವರದು ತಡ ಆಗ್ತದೆ. ಆಗ ಲೆಕ್ಕ ಹೀಗೆ:

ಗಂಟೆಗೆ 6 ಜನ ಬಂದರೆ ಸರಾಸರಿ ಕಾಯೋದು 5 ನಿಮಿಷ.
ಗಂಟೆಗೆ 9 ಜನ ಬಂದರೆ 15 ನಿಮಿಷ.
ಗಂಟೆಗೆ 11 ಜನ ಬಂದರೆ 55 ನಿಮಿಷ.
ಗಂಟೆಗೆ 12 ಜನ ಬರ್ತಾನೇ ಇದ್ದರೆ ಪಾಳಿ ಬೆಳೀತಾನೇ ಹೋಗ್ತದೆ.

9ರಿಂದ 11ಕ್ಕೆ ಹೆಚ್ಚಾಗಿದ್ದು ಇಬ್ಬರೇ. ಕಾಯೋ ಹೊತ್ತು ಮಾತ್ರ ಹೆಚ್ಚುಕಡಿಮೆ ನಾಲ್ಕು ಪಟ್ಟಾಯ್ತು. ಆಸ್ಪತ್ರೆಯ ಹೊರರೋಗಿ ಚೀಟಿ ಇರಲಿ, ಬ್ಯಾಂಕ್ ಇರಲಿ, ಹಬ್ಬದ ಹಿಂದಿನ ದಿನದ ಬಟ್ಟೆ ಅಂಗಡಿ ಗಲ್ಲಾ ಇರಲಿ, "ನಿನ್ನೆ ಇಷ್ಟೇ ಜನ ಇದ್ದರು, ಇವತ್ತೇನಾಯ್ತು" ಅಂತ ಅನಿಸೋದು ಇದಕ್ಕೇ. ಸಿಬ್ಬಂದಿ ಒಂದು ನಿಮಿಷವೂ ಖಾಲಿ ಕೂರಬಾರದು ಅಂತ ವ್ಯವಸ್ಥೆ ಮಾಡಿದ ಕಡೆ ಜನ ಅತಿ ಹೆಚ್ಚು ಕಾಯ್ತಾರೆ. ಸ್ವಲ್ಪ ಬಿಡುವು ಇದ್ದರೆ ಮಾತ್ರ ಪಾಳಿ ಕರಗೋದು.

ಬಸ್ಸಿನಲ್ಲೂ ಇದೇ ಆಗ್ತದೆ. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಕೇಂದ್ರ ಕಚೇರಿ ಇರೋದೇ ಕಲಬುರಗಿಯಲ್ಲಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಮಹಿಳೆಯರಿಗೆ ಉಚಿತ ಪ್ರಯಾಣ ಸಿಕ್ಕ ಮೇಲೆ ಬಸ್ ಹತ್ತೋರು ಹೆಚ್ಚಾದರು. ಕೂಲಿಗೆ, ಕಾಲೇಜಿಗೆ, ದವಾಖಾನೆಗೆ ಹೋಗೋ ಹೆಣ್ಣುಮಕ್ಕಳಿಗೆ ಅದು ದೊಡ್ಡ ಅನುಕೂಲ. ಆದರೆ ಒಂದು ಸ್ಟಾಪಿನಲ್ಲಿ ಜನ ಹತ್ತೋಕೆ ಎರಡು ನಿಮಿಷ ಹೆಚ್ಚು ಹಿಡಿದರೆ ಬಸ್ ಮುಂದಿನ ಸ್ಟಾಪಿಗೆ ತಡ. ಅಷ್ಟರಲ್ಲಿ ಅಲ್ಲಿ ಇನ್ನೂ ಜನ ಸೇರಿರ್ತಾರೆ. ಅವರು ಹತ್ತೋಕೆ ಇನ್ನೂ ತಡ. ಹಿಂದಿನ ಬಸ್ಸಿಗೆ ಜನ ಕಡಿಮೆ ಸಿಕ್ಕು ಅದು ಬೇಗ ಬಂದು ಮುಂದಿನ ಬಸ್ಸಿನ ಬೆನ್ನಿಗೆ ನಿಲ್ತದೆ. ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರದಂಥ ನಡುವಿನ ಸ್ಟಾಪಿನಲ್ಲಿ ನಿಂತೋರಿಗೆ ಕಾಣೋದು ಒಂದು ತುಂಬಿದ ಬಸ್, ಅದರ ಹಿಂದೆಯೇ ಒಂದು ಖಾಲಿ ಬಸ್, ಆಮೇಲೆ ಬಹಳ ಹೊತ್ತು ಏನೂ ಇಲ್ಲ.

ಒತ್ತಡದಲ್ಲಿ ಮನುಷ್ಯರು ಮಾಡೋದೇನು?

ಪೈಪು ಒಡೆದರೆ ಕಾಣ್ತದೆ. ಕಚೇರಿ ಒಳಗಿನ ಬಿರುಕು ಕಾಣಲ್ಲ. ಕೆಲಸ ಹೆಚ್ಚಾಗಿ ಕೈಗಳು ಅಷ್ಟೇ ಇದ್ದರೆ ಯಾವ ಕಚೇರಿಯಲ್ಲೇ ಆಗಲಿ ಮೊದಲು ಬಿಟ್ಟುಹೋಗೋದು ವಿವರಿಸಿ ಹೇಳೋ ಕೆಲಸ. "ಆ ಕಾಗದ ಇಲ್ಲ, ನಾಳೆ ಬರ್ರಿ" ಅಂತ ಒಂದೇ ಮಾತು. ಯಾವ ಕಾಗದ, ಎಲ್ಲಿ ಸಿಗ್ತದೆ ಅಂತ ಹೇಳೋಕೆ ಪುರುಸೊತ್ತಿಲ್ಲ. ಆ ಮನುಷ್ಯ ಮರುದಿನ ತಪ್ಪು ಕಾಗದ ತಂದು ಮತ್ತೆ ಪಾಳಿ ಹಚ್ತಾನೆ. ಒಂದು ಕೆಲಸಕ್ಕೆ ಮೂರು ಸಲ ಬಂದರೆ ಪಾಳಿಯ ಲೆಕ್ಕದಲ್ಲಿ ಅವನು ಒಬ್ಬನಲ್ಲ, ಮೂವರು. ಅವಸರವೇ ಹೀಗೆ ಹೊಸ ಒತ್ತಡ ಹುಟ್ಟಿಸ್ತದೆ.

ಎರಡನೇದು, ಸುಲಭದ ಅರ್ಜಿ ಮೊದಲು ಮುಗಿದು, ತೊಡಕಿನ ಅರ್ಜಿ ತಳಕ್ಕೆ ಹೋಗೋದು. ಓದು ಬಾರದ ಮುದುಕಿಯ ಅರ್ಜಿ, ಪಹಣಿಯಲ್ಲಿ ಹೆಸರು ತಪ್ಪಿರೋ ರೈತನ ಅರ್ಜಿ ಇಂಥಲ್ಲೇ ಸಿಕ್ಕಿಬೀಳ್ತವೆ. ಓಣಿಯ ಕೊನೆ ಮನೆಯವರ ಪಾಡೇ ಇವರದೂ.

ಕಡಿಮೆ ಮಾಡೋ ದಾರಿ ಯಾವುದು?

ಕುಕ್ಕರ್ ನೋಡಿದರೆ ಅರ್ಥ ಆಗ್ತದೆ. ಒಳಗೆ ಒತ್ತಡ ಹೆಚ್ಚಾದಾಗ ನೀರು ಕುದಿಯೋ ಬಿಸಿ 100ರಿಂದ ಸುಮಾರು 120 ಡಿಗ್ರಿಗೆ ಏರಿ ಬೇಳೆ ಬೇಗ ಬೇಯ್ತದೆ. ಅಂದ್ರೆ ಒತ್ತಡ ಕೆಟ್ಟದ್ದೇ ಅಂತಲ್ಲ. ಆದರೆ ಸೀಟಿ ಮತ್ತು ಸೇಫ್ಟಿ ವಾಲ್ವ್ ಇಲ್ಲದ ಕುಕ್ಕರನ್ನು ಯಾರೂ ಒಲೆ ಮೇಲೆ ಇಡಲ್ಲ. ಸಾರ್ವಜನಿಕ ಸೇವೆಗೂ ಅಂಥ ದಾರಿ ಬೇಕು. ನಮ್ಮಲ್ಲೇ ಅದರ ಉದಾಹರಣೆಗಳಿವೆ.

ಹೊತ್ತು ಬದಲಿಸೋದು: ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳು ಮತ್ತು ವಿಜಯಪುರ, ಬಾಗಲಕೋಟೆಯ ಸರ್ಕಾರಿ ಕಚೇರಿಗಳ ಸಮಯವನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸೋ ರೂಢಿ ಇದೆ. ಬಿಸಿಲು ಕಡಿಮೆ ಮಾಡೋಕಾಗಲ್ಲ, ಕೆಲಸದ ಹೊತ್ತು ಬದಲಿಸಬಹುದು.

ಪಾಳಿ ಹಂಚೋದು: 2023ರಲ್ಲಿ ಗೃಹಲಕ್ಷ್ಮಿ ನೋಂದಣಿ ಆರಂಭವಾದಾಗ ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕೇಂದ್ರಕ್ಕೆ ಬರಬೇಕು ಅಂತ ಎಸ್‌ಎಂಎಸ್ ಕಳಿಸೋ ಕ್ರಮ ತಂದಿದ್ದು ಇದಕ್ಕೇ. ಎಲ್ಲರೂ ಮೊದಲ ದಿನವೇ ಬಂದರೆ ಯಾವ ಸರ್ವರೂ ತಡಕೊಳ್ಳಲ್ಲ.

ಭಾರ ಒಡೆಯೋದು: 2017-18ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ಕಮಲಾಪುರವೂ ಒಂದು. ಕಲಬುರಗಿವರೆಗೆ ಹೋಗೋದು ತಪ್ಪಲಿ, ಅಲ್ಲಿನ ಕಚೇರಿ ಮೇಲಿನ ಭಾರ ಇಳೀಲಿ ಅನ್ನೋದೇ ಇದರ ಉದ್ದೇಶ. ಆದರೆ ಬೋರ್ಡ್ ಹಾಕಿದರೆ ಭಾರ ಇಳಿಯಲ್ಲ. ಸಿಬ್ಬಂದಿ, ದಾಖಲೆ, ಅಧಿಕಾರ ಮೂರೂ ಹೊಸ ಜಾಗಕ್ಕೆ ಬರಬೇಕು.

ಜನ, ಅಂಗಡಿಕಾರರು ಏನು ಮಾಡಬಹುದು?

ನಳದ ಪೈಪಿಗೆ ನೇರ ಮೋಟರ್ ಹಚ್ಚೋದು ನಿಯಮಕ್ಕೂ ವಿರುದ್ಧ, ಮನೆಯವರ ಹೊಟ್ಟೆಗೂ ಕೆಡುಕು. ನೀರು ತಾನಾಗಿ ಸಂಪಿಗೆ ಬೀಳಲಿ. ಸಂಪಿನಿಂದ ಮೇಲಿನ ಟ್ಯಾಂಕಿಗೆ ಏರಿಸೋಕೆ ಮಾತ್ರ ಮೋಟರ್, ಅದೂ ನೀರು ಬಂದು ಹೋದ ಮೇಲೆ. ಸಂಪ್ ತುಂಬಿದಾಗ ತಾನೇ ಬಂದ್ ಆಗೋ ಬಾಲ್ ವಾಲ್ವ್ ಹಾಕಿದರೆ ಉಳಿದ ನೀರು ಮುಂದಿನ ಮನೆಗೆ ಹೋಗ್ತದೆ. ಬಹಳ ಹೊತ್ತು ಖಾಲಿ ಇದ್ದ ಪೈಪಿನಿಂದ ಮೊದಲು ಬರೋ ನೀರನ್ನು ಕುಡಿಯೋಕೆ ಹಿಡಿಯಬೇಡಿ, ಬಟ್ಟೆ-ಪಾತ್ರೆಗೆ ಇಟ್ಟುಕೊಳ್ಳಿ.

ಅಂಗಡಿಗೆ ಡೀಪ್ ಫ್ರೀಜರ್, ಏಸಿ ತಂದರೆ ಕರೆಂಟ್ ಬಿಲ್ಲಿನಲ್ಲಿರೋ ಮಂಜೂರಾದ ಲೋಡ್ ಎಷ್ಟು ಕಿಲೋವಾಟ್ ಅಂತ ನೋಡಿ. ಹೆಚ್ಚಾಗಿದ್ದರೆ ಜೆಸ್ಕಾಂಗೆ ಅರ್ಜಿ ಕೊಟ್ಟು ಲೋಡ್ ಏರಿಸಿಕೊಳ್ಳಿ. ಬಿಲ್ಲಿನಲ್ಲಿ ಕಾಣದ ಲೋಡಿಗೆ ದೊಡ್ಡ ಟಿಸಿ ಬೇಕು ಅಂತ ಕೇಳೋಕೆ ಆಧಾರ ಇರಲ್ಲ. ಟಿಸಿಯಿಂದ ಎಣ್ಣೆ ಸೋರೋದು, ಕಿಡಿ ಹಾರೋದು ಕಂಡರೆ 1912ಕ್ಕೆ ಫೋನ್ ಮಾಡಿ, ಹತ್ತಿರ ಹೋಗಬೇಡಿ.

ಸಕಾಲ ಅಡಿಯ ಸೇವೆಗೆ ಅರ್ಜಿ ಕೊಟ್ಟರೆ 15 ಅಂಕಿಯ ಸ್ವೀಕೃತಿ ಸಂಖ್ಯೆ ಕೇಳಿ ಪಡೀರಿ. ನಿಗದಿತ ದಿನ ದಾಟಿದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರಕ್ಕೂ ಕಾನೂನಿನಲ್ಲಿ ಅವಕಾಶ ಇದೆ. ತಳಕ್ಕೆ ಹೋದ ಅರ್ಜಿ ಮೇಲೆ ಬರೋಕೆ ಆ ನಂಬರೇ ದಾರಿ.

ನೀರು ಬಿಟ್ಟ ದಿನ ವ್ಯವಸ್ಥೆ ಸರಿ ಇದೆಯೋ ಇಲ್ಲವೋ ನೋಡೋಕೆ ಓಣಿ ಬಾಯಲ್ಲಿ ನಿಂತರೆ ಗೊತ್ತಾಗಲ್ಲ. ಒಂದು ಕೊಡ ಹಿಡ್ಕೊಂಡು ಕೊನೆ ಮನೆಗೆ ಹೋಗಿ ನಳ ತಿರುವಿ ನೋಡಬೇಕು.