ಬೋರ್ಡೋ ದ್ರಾವಣದ ಹುಳಿ ಮುರಿದಿದೆಯೇ?

“ಒಂದು ಕಿಲೋ ಮೈಲುತುತ್ತಕ್ಕೆ ಒಂದು ಕಿಲೋ ಸುಣ್ಣ ಹಾಕಿಯೇ ಹೊಡೆಸಿದೆವು, ಆದರೂ ಕೊಳೆ ಬಂತು.” ಪ್ರತಿ ಮಳೆಗಾಲದಲ್ಲೂ ಈ ಮಾತು ನಮ್ಮ ಕಿವಿಗೆ ಬೀಳುತ್ತದೆ. ಆಗುಂಬೆಯ ಸುತ್ತ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಸುರಿಯುವಾಗ ಮಳೆಯನ್ನು ದೂರುವುದು ಸಹಜ. ಆದರೆ ಅದಕ್ಕೂ ಮೊದಲು, ಪೀಪಾಯಿಯಲ್ಲಿದ್ದ ದ್ರಾವಣದ ಹುಳಿ ಪೂರ್ತಿ ಮುರಿದಿತ್ತೇ ಎಂದು ಕೇಳಿಕೊಳ್ಳಬೇಕು.

ಹುಣಸೆ, ನಿಂಬೆ, ಮುರುಗಲು ಇವುಗಳ ಹುಳಿಗೆ ಕಾರಣ ಆಮ್ಲ. ಸುಣ್ಣ, ಬೂದಿನೀರು ಇವು ಕ್ಷಾರ. ತಕ್ಕ ಪ್ರಮಾಣದಲ್ಲಿ ಕೂಡಿದರೆ ಒಂದರ ಗುಣವನ್ನು ಇನ್ನೊಂದು ಕಳೆಯುತ್ತದೆ. ಇದರ ಪರೀಕ್ಷೆ ನಮ್ಮ ಮನೆಗಳಲ್ಲೇ ಇದೆ. ಆರತಿಗೆ ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ; ಅದು ಕ್ಷಾರದ ಗುರುತು. ಅದಕ್ಕೇ ನಿಂಬೆರಸ ಹಿಂಡಿದರೆ ಮತ್ತೆ ಹಳದಿಯಾಗುತ್ತದೆ.

ಹುಳಿ ಎಷ್ಟು, ಕ್ಷಾರ ಎಷ್ಟು ಎಂದು ಹೇಳುವ ಅಳತೆಗೆ ರಸಸಾರ ಅಥವಾ ಪಿ.ಎಚ್. ಎಂದು ಹೆಸರು. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ಸೋರೆನ್‌ಸೆನ್ ಎಂಬ ವಿಜ್ಞಾನಿ 1909ರಲ್ಲಿ ಇದನ್ನು ರೂಪಿಸಿದರು. ಸಾಮಾನ್ಯವಾಗಿ 0ಯಿಂದ 14ರವರೆಗೆ ಇದರ ಮೆಟ್ಟಿಲುಗಳು. 7 ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಕೆಳಗಿಳಿದರೆ ಹುಳಿ, ಮೇಲೇರಿದರೆ ಕ್ಷಾರ. ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟು ವ್ಯತ್ಯಾಸವಿದೆ ಎಂಬುದನ್ನು ಮರೆಯಬಾರದು. 5 ಎಂಬುದು 6ಕ್ಕಿಂತ ಹತ್ತು ಪಟ್ಟು, 7ಕ್ಕಿಂತ ನೂರು ಪಟ್ಟು ಹುಳಿ.

ಮರುವರ್ಷವೇ, ಅಂದರೆ 1910ರಲ್ಲಿ, ಮೈಸೂರು ಸರ್ಕಾರದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗದ ಬಗ್ಗೆ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಡೆಯುತ್ತಿದ್ದ ನಮ್ಮ ಹಿರಿಯರಿಗೆ ಬೋರ್ಡೋ ಸಿಂಪಡಣೆಯ ದಾರಿ ತೋರಿಸಿದವರು ಅವರು.

ಮೈಲುತುತ್ತದ ನೀರು ಹುಳಿ. ಅದರ ರಸಸಾರ ಸುಮಾರು 4. ಸುಣ್ಣದ ತಿಳಿಯದು 12ಕ್ಕೂ ಹೆಚ್ಚು. ಎರಡೂ ಸರಿಯಾಗಿ ಕೂಡಿದಾಗ ತಾಮ್ರವು ನೀರಿನಲ್ಲಿ ಕರಗದ ನೀಲಿ ಲೋಳೆಯಾಗಿ, ಕಾಯಿಗೆ ಅಂಟಿ ಒಣಗಿ, ಮಳೆಗೆ ನಿಲ್ಲುತ್ತದೆ. ಸುಣ್ಣದ ಬಲ ಸಾಲದಿದ್ದರೆ ಕರಗಿದ ತಾಮ್ರ ಹಾಗೆಯೇ ಉಳಿದು ಎಳೆಕಾಯಿಯನ್ನು ಸುಡುತ್ತದೆ. ಉಳಿದದ್ದು ಮೊದಲ ಮಳೆಗೇ ತೊಳೆದುಹೋಗುತ್ತದೆ.

ಹಾಗಾದರೆ ಒಂದು ಕಿಲೋ ಸುಣ್ಣ ಹಾಕಿದರೂ ಸಾಲದೇಕೆ? ಲೆಕ್ಕದ ಪ್ರಕಾರ ಒಂದು ಕಿಲೋ ತುತ್ತಕ್ಕೆ ಸುಮಾರು 300 ಗ್ರಾಂ ಶುದ್ಧ ಅರಳಿದ ಸುಣ್ಣ ಸಾಕು. ಆದರೆ ನಮಗೆ ಸಿಗುವ ಸುಣ್ಣವೆಲ್ಲ ಶುದ್ಧವಲ್ಲ. ಗಾಳಿಗೆ ತೆರೆದಿಟ್ಟ ಹಳೆಯ ಸುಣ್ಣವಂತೂ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ, ಹುಳಿ ಮುರಿಯುವ ಬಲ ಕಳೆದುಕೊಂಡ ಪುಡಿಯಾಗುತ್ತದೆ. ತೂಕ ಕಿಲೋ ಇದ್ದರೂ ಬಲ ಕಿಲೋದಷ್ಟಿರದು. ಆದ್ದರಿಂದ ತಕ್ಕಡಿಯನ್ನಷ್ಟೇ ನಂಬದೆ ಪರೀಕ್ಷೆಯನ್ನೂ ಮಾಡಬೇಕು.

ಶೇಕಡಾ ಒಂದರ ದ್ರಾವಣಕ್ಕೆ ಒಂದು ಕಿಲೋ ತುತ್ತವನ್ನು 50 ಲೀಟರ್ ನೀರಿನಲ್ಲಿ, ಹೊಸದಾಗಿ ಅರಳಿಸಿ ಸೋಸಿದ ಒಂದು ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆಬೇರೆಯಾಗಿ ಕದಡಿರಿ. ಕಬ್ಬಿಣದ ಪಾತ್ರೆ ಬೇಡ. ಮರದ ಅಥವಾ ಪ್ಲಾಸ್ಟಿಕ್ ಪೀಪಾಯಿ ಆಗಬಹುದು. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕಲಕಿರಿ. ಬಳಿಕ ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ನೋಡಿರಿ. ತಾಮ್ರದ ಕೆಂಪು ಹತ್ತಿದರೆ, ಅಥವಾ ನೀಲಿ ಲಿಟ್ಮಸ್ ಕಾಗದ ಕೆಂಪಾದರೆ, ಹುಳಿ ಇನ್ನೂ ಮುರಿದಿಲ್ಲ. ಗುರುತು ಕಾಣದಾಗುವವರೆಗೆ ಸುಣ್ಣದ ನೀರು ಸೇರಿಸಿರಿ. ಆ ದಿನ ಮಾಡಿದ್ದನ್ನು ಆ ದಿನವೇ ಹೊಡೆದು ಮುಗಿಸಿರಿ.

ಕಾಫಿಯ ಎಲೆ ತುಕ್ಕಿಗೆ ಶೇಕಡಾ ಅರ್ಧದ ದ್ರಾವಣ ಹೊಡೆಯುವವರಿಗೂ ಇದೇ ಪರೀಕ್ಷೆ. ಕೊನೆಗಾರರು ಸಿಗುವುದೇ ಕಷ್ಟವಾಗಿರುವ ಈ ಕಾಲದಲ್ಲಿ ಹೊಡೆದದ್ದು ವ್ಯರ್ಥವಾದರೆ ಮತ್ತೆ ಮರ ಹತ್ತಿಸುವುದು ಸುಲಭವಲ್ಲ. ಪೀಪಾಯಿಯ ಬಳಿ ನಿಮಿಷ ನಿಂತು ಚಾಕು ಅದ್ದಿ ನೋಡುವುದಕ್ಕೆ ಮಾತ್ರ ಯಾವ ಖರ್ಚೂ ಇಲ್ಲ.