ಇರುವೆಯ ಮೈಯೊಳಗಿನ ಮದ್ದು

ಇರುವೆಯೆಂದೊಡನೆ ಅದರ ದುಡಿಮೆಯನ್ನೂ ಕೂಡಿಡುವ ಬುದ್ಧಿಯನ್ನೂ ಹೊಗಳುವುದು ನಮ್ಮ ವಾಡಿಕೆ. ತರಗತಿಯಲ್ಲಿ ನಾನೂ ಅಷ್ಟನ್ನೇ ಹೇಳಿಕೊಂಡು ಬಂದವನು. ಕತ್ತಲೆ, ತೇವ, ಕಿಕ್ಕಿರಿದ ಸಂದಣಿ ಇವುಗಳ ನಡುವೆ ನೆಲದೊಳಗಿನ ಆ ಊರು ರೋಗಕ್ಕೆ ತುತ್ತಾಗದೆ ಉಳಿಯುವುದೆಂತು ಎಂದು ಮಾತ್ರ ಎಂದೂ ಕೇಳಿಕೊಂಡಿರಲಿಲ್ಲ.

ಉತ್ತರ ಅದರ ಮೈಯಲ್ಲಿಯೇ ಇದೆ. ಬಹುಪಾಲು ಇರುವೆಗಳಿಗೆ ಎದೆಯ ಹಿಂತುದಿಯಲ್ಲಿ, ಹಿಂಗಾಲಿನ ಬುಡಕ್ಕೆ ತುಸು ಮೇಲೆ, ಎರಡು ಪಕ್ಕದಲ್ಲಿಯೂ ಒಂದೊಂದು ಗ್ರಂಥಿಯುಂಟು; ಬೇರಾವ ಕೀಟಕ್ಕೂ ಇದಿಲ್ಲ. ಕೋಶಗಳು ಸ್ರವಿಸಿದ ರಸ ಸೂಕ್ಷ್ಮ ನಾಳಗಳಲ್ಲಿ ಹರಿದು, ಗಟ್ಟಿ ಗೋಡೆಯ ಪುಟ್ಟ ಕೋಣೆಯಲ್ಲಿ ನಿಂತು, ಕಿರಿದಾದ ಬಾಯಿಯಿಂದ ಹೊರಬರುತ್ತದೆ. ಅಮೆರಿಕದ ಉಷ್ಣವಲಯದಲ್ಲಿ, ಕತ್ತರಿಸಿ ತಂದ ಎಲೆಯ ಮೇಲೆ ಶಿಲೀಂಧ್ರವನ್ನು ಬೆಳೆದು ಉಣ್ಣುವ ಇರುವೆಗಳುಂಟು. ಅವುಗಳ ಈ ರಸದಲ್ಲಿ ಬ್ಯಾಕ್ಟೀರಿಯಾಗಳನ್ನು ತಡೆಯುವ ಫಿನೈಲ್ ಅಸಿಟಿಕ್ ಆಮ್ಲವಿರುವುದನ್ನು 1970ರಲ್ಲಿ ಜರ್ಮನ್ ವಿಜ್ಞಾನಿಗಳು ಪ್ರಕಟಿಸಿದರು. ತೋಟಕ್ಕೆ ಕೇಡಿನ ಬೂಷ್ಟು ತಗುಲಿತೆಂದರೆ, ಅವು ಮುಂಗಾಲನ್ನು ಗ್ರಂಥಿಯ ಬಾಯಿಗೆ ಚಾಚಿ ರಸವನ್ನು ತೆಗೆದು ಬಳಿಯುವುದು ಹೆಚ್ಚುತ್ತದೆ.

ನಮ್ಮ ಮಲೆನಾಡಿನ ಮರಗಳಲ್ಲಿ ಎಲೆ ಹೆಣೆದು ಗೂಡು ಕಟ್ಟುವ ಚಗಳಿಗೆ ಈ ಗ್ರಂಥಿಯಿಲ್ಲ. ಆದರೆ ಅದರ ಚಟ್ನಿಗೆ ಹುಳಿ ಕೊಡುವ ಫಾರ್ಮಿಕ್ ಆಮ್ಲವೂ ರೋಗಾಣುನಾಶಕವೇ.

ನೆಗಡಿಗೂ ಪ್ರತಿಜೈವಿಕ ಮಾತ್ರೆ ನುಂಗಿ ಮದ್ದಿನ ಮೊನೆಯನ್ನೇ ಮೊಂಡಾಗಿಸುತ್ತಿರುವ ನಾವು, ಇರುವೆಯ ದುಡಿಮೆಗಿಂತ ಮೊದಲು ಈ ಹದವನ್ನು ಕಲಿಯಬೇಕೆಂದು ನನಗೆ ತೋರುತ್ತದೆ.